ಬ್ರೇಕ್ ಸದ್ದು ಮಾಡುತ್ತಿದೆಯಾ? ಪ್ಯಾಡ್ ಬದಲಿಸುವ ಮೊದಲು ಸರಿಯಾಗಿ ಕೇಳಿಸಿಕೊಳ್ಳಿ

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದೆ. ಮಾರನಹಳ್ಳಿ ಕಳೆದ ಮೇಲೆ ಒಂದು ತಿರುವಿನಲ್ಲಿ ಬ್ರೇಕ್ ಒತ್ತಿದೆ, ಎಡಗಡೆ ಮುಂದಿನ ಚಕ್ರದಿಂದ 'ಗರ್ರ್' ಅಂತ ಸದ್ದು ಬಂತು. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಸದ್ದು, ಪೆಡಲ್ ಮೇಲಿದ್ದ ಕಾಲಿಗೂ ಗೊತ್ತಾಗುತ್ತಿತ್ತು. ಎರಡು ವಾರದ ಹಿಂದೆ ತಾನೇ ಒಂದು ಗ್ಯಾರೇಜಿನಲ್ಲಿ ತೋರಿಸಿದ್ದೆ. ಆಗ ಇದ್ದದ್ದು ಸಣ್ಣ 'ಕೀಚ್ ಕೀಚ್' ಅಷ್ಟೇ. ಅವರು ಚಕ್ರ ಬಿಚ್ಚಲಿಲ್ಲ. ಅಲಾಯ್ ವೀಲಿನ ಸಂದಿಯಲ್ಲಿ ಮೊಬೈಲ್ ಟಾರ್ಚ್ ಬಿಟ್ಟು ನೋಡಿ, "ಪ್ಯಾಡ್ ಇನ್ನೂ ಅರ್ಧ ಇದೆ ಸಾರ್, ಧೂಳು ಕೂತಿದೆ, ಆರಾಮಾಗಿ ಓಡಿಸಿ" ಅಂದಿದ್ದರು.

ಎರಡನೇ ಗೇರಿನಲ್ಲೇ ಹಿಡಿದುಕೊಂಡು ಮೆಲ್ಲಗೆ ಗುಂಡ್ಯ ತನಕ ಇಳಿಸಿ, ಅಲ್ಲೇ ಬದಿಗೆ ನಿಲ್ಲಿಸಿ, ನೆಲ್ಯಾಡಿಯಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದೆ. ಚಕ್ರದ ಜೊತೆ ತಿರುಗುವ ಕಬ್ಬಿಣದ ಬಿಲ್ಲೆ ಡಿಸ್ಕ್, ಅದನ್ನು ಎರಡೂ ಬದಿಯಿಂದ ಉಜ್ಜಿ ನಿಲ್ಲಿಸುವುದು ಪ್ಯಾಡ್, ಪ್ಯಾಡುಗಳನ್ನು ಅದುಮುವ ಹಿಡಿ ಕ್ಯಾಲಿಪರ್. ಅವರು ಕ್ಯಾಲಿಪರ್ ಎತ್ತಿ ಎರಡೂ ಪ್ಯಾಡ್ ತೆಗೆದು ನನ್ನ ಅಂಗೈಯಲ್ಲಿಟ್ಟರು. ಹೊರಗಿನದರಲ್ಲಿ ನಿಜವಾಗಿಯೂ 6 ಮಿ.ಮೀ. ಉಜ್ಜುವ ಮಾಲು ಇತ್ತು. ಒಳಗಿನದರಲ್ಲಿ ಏನೂ ಇರಲಿಲ್ಲ. ಬರೀ ಉಕ್ಕಿನ ಪಟ್ಟಿ, ಬಿಸಿಗೆ ನೀಲಿ ತಿರುಗಿತ್ತು, ಒಂದು ಅಂಚು ಸವೆದು ಚೂರಿ ಹಾಗೆ ಹೊಳೆಯುತ್ತಿತ್ತು. ಡಿಸ್ಕಿನ ಒಳಮೈ ಮೇಲೆ ಉಗುರು ಎಳೆದರೆ ಗೀರುಗಳಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಕ್ಯಾಲಿಪರ್ ಆಚೀಚೆ ಜಾರಬೇಕಾದ ಪಿನ್ನನ್ನು ಇಕ್ಕಳ ಹಾಕಿ ತಿರುಚಿ ಎಳೆದಾಗಲೇ ಹೊರಗೆ ಬಂದದ್ದು. ಒಂದು ತೊಟ್ಟು ಗ್ರೀಸ್ ಇಲ್ಲ, ಮೈತುಂಬಾ ಕಂದು ತುಕ್ಕು.

ಅವತ್ತಿನಿಂದ ಬ್ರೇಕ್ ಸದ್ದಿನ ವಿಷಯದಲ್ಲಿ ನಾನು ಹಿಡಿದಿರುವ ದಾರಿ ಇದು. ಸದ್ದು ಹೇಗಿದೆ ಅನ್ನುವುದಕ್ಕಿಂತ ಅದು ಯಾವಾಗ ಬರುತ್ತದೆ, ಯಾವಾಗ ನಿಲ್ಲುತ್ತದೆ ಅನ್ನುವುದನ್ನು ಮೊದಲು ನೋಡುತ್ತೇನೆ. 'ಕೀಚ್' ಅನ್ನುವ ಸದ್ದಿಗೆ ಹತ್ತು ಕಾರಣ ಇರಬಹುದು. ಆದರೆ 'ಬ್ರೇಕ್ ಒತ್ತದೆ ಇದ್ದಾಗ ಬರುತ್ತದೆ, ಒತ್ತಿದ ಕೂಡಲೇ ನಿಲ್ಲುತ್ತದೆ' ಅಂದರೆ ಒಂದೆರಡೇ ಉಳಿಯುತ್ತವೆ.

ಮೊದಲು ಎಲ್ಲಿಂದ ಅಂತ ಹಿಡಿಯಿರಿ

ಬೆಳಿಗ್ಗೆ ಬೇಗ, ವಾಹನ ಇಲ್ಲದ ಒಂದು ರಸ್ತೆಗೆ ಹೋಗಿ. ಪಕ್ಕದಲ್ಲಿ ಉದ್ದಕ್ಕೆ ಕಾಂಪೌಂಡ್ ಗೋಡೆ ಇದ್ದರೆ ಒಳ್ಳೆಯದು. ರೇಡಿಯೋ, ಎಸಿ ಎಲ್ಲಾ ಆಫ್ ಮಾಡಿ, ಕಿಟಕಿ ಪೂರ್ತಿ ಇಳಿಸಿ, 20 ಕಿ.ಮೀ. ವೇಗದಲ್ಲಿ ಗೋಡೆ ಪಕ್ಕ ಹೋಗಿ. ಸದ್ದು ಗೋಡೆಗೆ ಬಡಿದು ವಾಪಸ್ ಬರುತ್ತದೆ, ಒಳಗೆ ಕೂತವರಿಗೆ ಚೆನ್ನಾಗಿ ಕೇಳಿಸುತ್ತದೆ. ಆಮೇಲೆ ತಿರುಗಿಸಿಕೊಂಡು ಬಂದು ಇನ್ನೊಂದು ಬದಿ ಕೇಳಿ. ಎಡವೋ ಬಲವೋ ಅನ್ನುವುದು ಇಷ್ಟರಲ್ಲೇ ತಿಳಿಯುತ್ತದೆ.

ಮುಂದಿನ ಚಕ್ರವೋ ಹಿಂದಿನದೋ ಅಂತ ತಿಳಿಯಲು ಹ್ಯಾಂಡ್ ಬ್ರೇಕ್ ಸಾಕು, ಯಾಕೆಂದರೆ ಹೆಚ್ಚಿನ ಕಾರುಗಳಲ್ಲಿ ಅದು ಹಿಂದಿನ ಚಕ್ರಗಳಿಗೆ ಮಾತ್ರ. ಖಾಲಿ, ಒಣಗಿದ, ನೇರ ರಸ್ತೆಯಲ್ಲಿ ನಡೆಯುವ ವೇಗಕ್ಕಿಂತ ಸ್ವಲ್ಪ ಜಾಸ್ತಿ ಹೋಗುತ್ತಾ, ಲಿವರಿನ ಗುಂಡಿ ಒತ್ತಿಹಿಡಿದುಕೊಂಡೇ ಮೆಲ್ಲಗೆ ಎಳೆಯಿರಿ. ಸದ್ದು ಬಂದರೆ ಹಿಂದಿನ ಬ್ರೇಕನ್ನು ಮೊದಲು ನೋಡಿ. ಬಟನ್ ಒತ್ತಿದರೆ ತಾನೇ ಹಿಡಿಯುವ ಎಲೆಕ್ಟ್ರಾನಿಕ್ ಹ್ಯಾಂಡ್ ಬ್ರೇಕ್ ಇರುವ ಗಾಡಿಯಲ್ಲಿ ಈ ಪರೀಕ್ಷೆ ಮಾಡಬೇಡಿ.

ಇನ್ನೂ ಕೆಲವು ವಿಷಯ ಗಮನಿಸಿ, ಬೇಕಿದ್ದರೆ ಮೊಬೈಲಿನಲ್ಲಿ ಬರೆದಿಟ್ಟುಕೊಳ್ಳಿ. ಬ್ರೇಕ್ ಒತ್ತಿದಾಗ ಮಾತ್ರವಾ, ಒತ್ತದೆ ಇದ್ದಾಗಲೂ ಇದೆಯಾ? ಚಕ್ರ ಸುತ್ತುವ ಲೆಕ್ಕಕ್ಕೇ 'ಕಿರ್... ಕಿರ್... ಕಿರ್' ಅಂತ ಬರುತ್ತದಾ, ಇಲ್ಲ ಒಂದೇ ಸಮನೆ ಇದೆಯಾ? ಬೆಳಿಗ್ಗೆ ತಣ್ಣಗಿದ್ದಾಗ ಇದ್ದು ಆಮೇಲೆ ಹೋಗುತ್ತದಾ, ಅಥವಾ ಅರ್ಧ ಗಂಟೆ ಓಡಿಸಿದ ಮೇಲೆ ಶುರುವಾಗುತ್ತದಾ? ಹಂಪ್ ಹಾರಿದಾಗ? ರಿವರ್ಸ್ ತೆಗೆಯುವಾಗ? ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ಹೆದರಬೇಕಾಗಿಲ್ಲದ ಸದ್ದುಗಳು

ಮಳೆಯಲ್ಲಿ ರಾತ್ರಿಯಿಡೀ ನಿಂತ ಗಾಡಿ, ಅಥವಾ ಹಿಂದಿನ ದಿನ ತೊಳೆದಿಟ್ಟ ಗಾಡಿ, ಬೆಳಿಗ್ಗೆ ಮೊದಲ ಬ್ರೇಕಿಗೆ 'ಕರಕರ' ಅನ್ನುತ್ತದೆ. ಡಿಸ್ಕ್ ಬೀಡು ಕಬ್ಬಿಣದ್ದು, ಒಂದೇ ರಾತ್ರಿಯಲ್ಲಿ ಮೇಲೆ ತೆಳು ತುಕ್ಕು ಬರುತ್ತದೆ. ಏಳೆಂಟು ಸಲ ಬ್ರೇಕ್ ಒತ್ತಿದರೆ ಪ್ಯಾಡೇ ಅದನ್ನು ಒರೆಸಿಬಿಡುತ್ತದೆ. ಮಂಗಳೂರು, ಉಡುಪಿ, ಕಾರವಾರದ ಕಡೆ ಉಪ್ಪುಗಾಳಿಗೆ ಇದು ಇನ್ನೂ ಜಾಸ್ತಿ. ಕೆಲವು ಕಿಲೋಮೀಟರ್ ಓಡಿಸಿದರೂ ಹೋಗದಿದ್ದರೆ ಮಾತ್ರ ಯೋಚನೆ ಮಾಡಿ.

ಜೋರಾಗಿ ಬ್ರೇಕ್ ಒತ್ತಿದಾಗ ಪೆಡಲ್ ಕಾಲಿಗೆ ತಿರುಗಿ ಬಡಿಯುತ್ತಾ 'ಕಟಕಟಕಟ' ಅಂದರೆ ಅದು ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ, ಕೆಲಸ ಮಾಡುವ ಸದ್ದು. ನಮ್ಮಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯ ಆಗಿದೆ. ಹಾಗಾಗಿ ಹಳೆ ಗಾಡಿಯಿಂದ ಹೊಸದಕ್ಕೆ ಬಂದವರು ಮಳೆಯಲ್ಲಿ ಮೊದಲ ಸಲ ಇದನ್ನು ಅನುಭವಿಸಿ ಗಾಬರಿಯಾಗಿ ಪೆಡಲ್ ಬಿಟ್ಟುಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಇನ್ನೂ ಗಟ್ಟಿಯಾಗಿ ಒತ್ತಿಹಿಡಿಯಬೇಕು. ಸ್ಟಾರ್ಟ್ ಮಾಡಿ ಸ್ವಲ್ಪ ಮುಂದೆ ಹೋದಾಗ ಬಾನೆಟ್ ಒಳಗೆ ಒಂದು ಸಲ 'ಟಕ್' ಅಥವಾ 'ಜಿರ್ರ್' ಅನ್ನುವುದೂ ಹಲವು ಗಾಡಿಗಳಲ್ಲಿ ಎಬಿಎಸ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ಸದ್ದು. ಆದರೆ ಒಣ ರಸ್ತೆಯಲ್ಲಿ, ಸುಮ್ನೆ ಮೆಲ್ಲಗೆ ನಿಲ್ಲಿಸುವಾಗಲೂ ಕಟಕಟ ಬಂದರೆ ಅದು ಸರಿಯಲ್ಲ. ಚಕ್ರದ ವೇಗ ಓದುವ ಸೆನ್ಸರ್ ಕೆಟ್ಟಿರಬಹುದು, ಇಲ್ಲವೇ ಕೊಳೆ ಕೂತಿರಬಹುದು.

ಆಟೋಮ್ಯಾಟಿಕ್ ಗಾಡಿಯಲ್ಲಿ ಸಿಗ್ನಲ್ ಹತ್ತಿರ ಬ್ರೇಕನ್ನು ಅರೆಬರೆ ಬಿಟ್ಟು ತೆವಳಿದಾಗ 'ಗುರ್ರ್' ಅನ್ನುವುದು ಮಾಮೂಲು. ಪ್ಯಾಡು ಡಿಸ್ಕಿಗೆ ಅಂಟಿ ಬಿಡುವ, ಮತ್ತೆ ಅಂಟಿ ಬಿಡುವ ಸದ್ದು ಅದು.

'ಕೀಚ್': ಇದರಲ್ಲೇ ಹೆಚ್ಚಿನವರು ಮೋಸ ಹೋಗುವುದು

ಹಲವು ಪ್ಯಾಡುಗಳಿಗೆ ಒಂದು ಸಣ್ಣ ಉಕ್ಕಿನ ನಾಲಿಗೆ ಇರುತ್ತದೆ. ಪ್ಯಾಡ್ ಸವೆದು ಸುಮಾರು 2-3 ಮಿ.ಮೀ.ಗೆ ಬಂದಾಗ ಆ ನಾಲಿಗೆ ಡಿಸ್ಕಿಗೆ ತಾಗಿ ಕೀಚಲು ಸದ್ದು ಮಾಡುತ್ತದೆ. ಬೇಕು ಅಂತಲೇ ಇಟ್ಟಿರುವ ಎಚ್ಚರಿಕೆ ಅದು. ಇದನ್ನು ಗುರುತಿಸುವುದು ಹೇಗೆ ಅಂದರೆ, ಹೆಚ್ಚಾಗಿ ಬ್ರೇಕ್ ಒತ್ತದೆ ಇದ್ದಾಗಲೂ ಚಕ್ರದ ಜೊತೆ ಹಕ್ಕಿ ಚಿಲಿಪಿಲಿ ಅಂದ ಹಾಗೆ ಕೇಳಿಸುತ್ತದೆ, ಒತ್ತಿದರೆ ಬದಲಾಗುತ್ತದೆ ಅಥವಾ ನಿಲ್ಲುತ್ತದೆ. ಕೆಲವು ಗಾಡಿಗಳಲ್ಲಿ ಒತ್ತಿದಾಗ ಮಾತ್ರ ಬರುವುದೂ ಉಂಟು. ನನ್ನ ಗಾಡಿಯಲ್ಲಿ ಎರಡು ವಾರ ಮೊದಲು ಬರುತ್ತಿದ್ದದ್ದು ಇದೇ. ನಾಲಿಗೆ ಇದ್ದದ್ದು ಒಳಗಿನ ಪ್ಯಾಡಿಗೆ, ಗ್ಯಾರೇಜಿನವರು ನೋಡಿದ್ದು ಹೊರಗಿನ ಪ್ಯಾಡನ್ನು.

ಆದ್ದರಿಂದ ಯಾರಾದರೂ ಚಕ್ರ ಬಿಚ್ಚದೆ 'ಪ್ಯಾಡ್ ಇದೆ' ಅಂದರೆ ಒಪ್ಪಿಕೊಳ್ಳಬೇಡಿ. ಒಳಗಿನದನ್ನೂ ತೋರಿಸಿ ಅಂತ ಕೇಳಿ. ನಮ್ಮ ಹೆಚ್ಚಿನ ಕಾರುಗಳ ಕ್ಯಾಲಿಪರಿನಲ್ಲಿ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಅದು ಒಳಗಿನ ಪ್ಯಾಡನ್ನು ನೇರವಾಗಿ ಒತ್ತುತ್ತದೆ, ಹೊರಗಿನದನ್ನು ಕ್ಯಾಲಿಪರ್ ಪಿನ್ನುಗಳ ಮೇಲೆ ಜಾರಿ ಎಳೆದುಕೊಳ್ಳಬೇಕು. ಪಿನ್ ಜಾರದೆ ಹಿಡಿದುಕೊಂಡರೆ ಭಾರವೆಲ್ಲ ಒಳಗಿನದರ ಮೇಲೆ. ಹಾಗೆ ಹಿಡಿದಿರುವ ಚಕ್ರಕ್ಕೆ ಇನ್ನೂ ಕೆಲವು ಗುರುತು ಇವೆ. ಗಾಡಿ ಒಂದು ಬದಿಗೆ ಎಳೆಯಬಹುದು, ಮೈಲೇಜ್ ಕಮ್ಮಿಯಾಗಬಹುದು, ನಿಲ್ಲಿಸಿದ ಮೇಲೆ ಒಂದು ಚಕ್ರದ ಹತ್ತಿರ ಮಾತ್ರ ಸುಟ್ಟ ವಾಸನೆ ಬರಬಹುದು. ಅಂಗೈಯನ್ನು ಚಕ್ರದ ಹತ್ತಿರ ಹಿಡಿದು ಎಡಬಲ ಹೋಲಿಸಿ, ಒಂದು ಕಡೆ ಶಾಖ ಜಾಸ್ತಿ ಇದ್ದರೆ ಅದೇ. ಮುಟ್ಟಲು ಹೋಗಬೇಡಿ, ಘಾಟಿ ಇಳಿದ ಡಿಸ್ಕ್ ಚರ್ಮ ಸುಡುವಷ್ಟು ಕಾದಿರುತ್ತದೆ.

ಪ್ಯಾಡ್ ಬೇಕಾದಷ್ಟು ಇದ್ದೂ, ಪಿನ್ ಸರಿಯಾಗಿ ಜಾರುತ್ತಿದ್ದೂ, ಬ್ರೇಕ್ ಒತ್ತಿದಾಗ ಮಾತ್ರ ಕೀಚಲು ಬಂದರೆ ಅದು ನಡುಕದ ಸದ್ದು. ಪಿಟೀಲಿನ ತಂತಿ ಮೇಲೆ ಕಮಾನು ಆಡಿದ ಹಾಗೆ ಡಿಸ್ಕ್ ಮೇಲೆ ಪ್ಯಾಡ್ ನಡುಗುತ್ತದೆ. ಪ್ಯಾಡ್ ಹಿಂದಿನ ತೆಳು ತಗಡು, ಅಂದರೆ ಶಿಮ್, ಬಿದ್ದುಹೋಗಿರಬಹುದು. ಪ್ಯಾಡ್ ಬದಲಿಸುವಾಗ ಹಳೆ ಶಿಮ್ ಎಸೆದು ಹೊಸದು ಹಾಕದೆ ಬಿಡುವವರು ಇದ್ದಾರೆ. ಪ್ಯಾಡ್ ಕೂರುವ ಜಾಗದಲ್ಲಿ ತುಕ್ಕು ಗಟ್ಟಿಯಾಗಿರಬಹುದು. ಇನ್ನೊಂದು ಕಾರಣ, ಜಾಸ್ತಿ ಕಾದು ಪ್ಯಾಡಿನ ಮೈ ಗಾಜಿನ ಹಾಗೆ ನುಣುಪಾಗಿರುವುದು. ಆಗುಂಬೆ, ಚಾರ್ಮಾಡಿಯಂಥ ಘಾಟಿಯನ್ನು ಮೇಲಿನ ಗೇರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಸಿದರೆ ಹೀಗಾಗುತ್ತದೆ. ನುಣುಪು ಮೇಲುಮೇಲಿದ್ದರೆ ಎಮರಿ ಪೇಪರಿನಲ್ಲಿ ತೆಗೆಯಬಹುದು. ಪ್ಯಾಡ್ ಬಿರುಕು ಬಿಟ್ಟಿದ್ದರೆ ಬದಲಿಸಲೇಬೇಕು.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಸದ್ದು ನಿಲ್ಲಲಿ ಅಂತ ಡಿಸ್ಕಿಗಾಗಲಿ ಪ್ಯಾಡಿಗಾಗಲಿ ಎಣ್ಣೆ, ಗ್ರೀಸ್, ತುಕ್ಕು ಬಿಡಿಸುವ ಸ್ಪ್ರೇ ಯಾವುದನ್ನೂ ಹಾಕಬೇಡಿ. ಸದ್ದು ನಿಲ್ಲುತ್ತದೆ, ಬ್ರೇಕೂ ಹಿಡಿಯುವುದಿಲ್ಲ.

'ಗರ್‌ಗರ್' ಬಂದರೆ ನಿಲ್ಲಿಸಿ. ಬಹುಮಟ್ಟಿಗೆ ಅದು ಒಂದು ಪ್ಯಾಡ್ ಪೂರ್ತಿ ಮುಗಿದ ಸದ್ದು. ಓಡಿಸಿದಷ್ಟೂ ಡಿಸ್ಕ್ ಹಾಳು, ಬ್ರೇಕಿನ ಹಿಡಿತವೂ ಕಮ್ಮಿ. ಟೋಯಿಂಗ್ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಆದರೆ ಇದೇ ಥರ ಕೇಳಿಸುವ, ಅಷ್ಟೇನೂ ದೊಡ್ಡದಲ್ಲದ ಒಂದು ದೋಷ ಇದೆ. ಜಲ್ಲಿ ಹಾಕಿದ ರಸ್ತೆಯಲ್ಲಿ ಅಥವಾ ಮಣ್ಣುದಾರಿಯಲ್ಲಿ ಹೋಗಿ ಬಂದ ಮೇಲೆ ಇದ್ದಕ್ಕಿದ್ದ ಹಾಗೆ ಕಿವಿ ಕೊರೆಯುವ 'ಕರ್ರ್ರ್' ಶುರುವಾಗುತ್ತದೆ, ಬ್ರೇಕ್ ಒತ್ತಿದರೂ ಬಿಟ್ಟರೂ ಒಂದೇ. ಡಿಸ್ಕಿನ ಹಿಂದೆ ಒಂದು ತೆಳು ತಗಡಿನ ಮರೆ ಇರುತ್ತದೆ, ಅದಕ್ಕೂ ಡಿಸ್ಕಿಗೂ ನಡುವೆ ಕಡಲೆ ಗಾತ್ರದ ಕಲ್ಲು ಸಿಕ್ಕಿಕೊಂಡರೆ ಸಾಕು. ಬಯಲಿನಲ್ಲಿ ನಿಧಾನವಾಗಿ ಸ್ವಲ್ಪ ಹಿಂದೆ, ಸ್ವಲ್ಪ ಮುಂದೆ ಆಡಿಸಿ. ಎಷ್ಟೋ ಸಲ ಕಲ್ಲು ತಾನೇ ಉದುರುತ್ತದೆ. ಇಲ್ಲದಿದ್ದರೆ ಚಕ್ರ ತೆಗೆದು, ಡಿಸ್ಕ್ ತಣ್ಣಗಾದ ಮೇಲೆ, ಆ ತಗಡನ್ನು ಬೆರಳಿನಲ್ಲಿ ಸ್ವಲ್ಪ ಹಿಂದಕ್ಕೆ ಬಗ್ಗಿಸಿದರೆ ಕಲ್ಲು ಬೀಳುತ್ತದೆ. ಚಕ್ರ ಬದಲಿಸುವಾಗ ತಗಡು ಬಗ್ಗಿ ಡಿಸ್ಕಿಗೆ ತಾಗುವುದೂ ಉಂಟು, ಅದಕ್ಕೂ ಇದೇ ಮದ್ದು.

ಟಕ್, ಲೊಟಲೊಟ, ಡಬ್ ಡಬ್

ಹಾಳು ರಸ್ತೆಯಲ್ಲಿ ಮುಂದಿನ ಚಕ್ರದ ಹತ್ತಿರ 'ಲೊಟಲೊಟ' ಅಂತಿದ್ದರೆ, ಬ್ರೇಕನ್ನು ಹಗುರವಾಗಿ ಮುಟ್ಟಿ ನೋಡಿ. ಮುಟ್ಟಿದಾಗ ಸದ್ದು ನಿಂತರೆ ಪ್ಯಾಡ್ ಅಥವಾ ಕ್ಯಾಲಿಪರ್ ಸಡಿಲ ಇದೆ. ಪ್ಯಾಡ್ ಹಿಡಿದಿಡುವ ಕ್ಲಿಪ್ ಇಲ್ಲದಿರಬಹುದು, ಪಿನ್ ಸವೆದಿರಬಹುದು. ನಿಲ್ಲದಿದ್ದರೆ ಸಸ್ಪೆನ್ಷನ್ ಕಡೆ ಹುಡುಕಬೇಕು, ಲಿಂಕ್ ರಾಡ್, ಬುಶ್ ಇಂಥವು. ರಿವರ್ಸಿನಿಂದ ಮುಂದಕ್ಕೆ ಹೋಗುವಾಗ ಮೊದಲ ಬ್ರೇಕಿಗೆ ಒಂದೇ ಒಂದು 'ಟಕ್' ಬಂದರೆ ಪ್ಯಾಡ್ ತನ್ನ ಜಾಗದಲ್ಲಿ ಸರಿಯುವ ಸದ್ದು. ಹಗುರ ಟಕ್ ಪರವಾಗಿಲ್ಲ. ಜೋರಾಗಿದ್ದರೆ, ಅದೂ ಇತ್ತೀಚೆಗೆ ಯಾರಾದರೂ ಬ್ರೇಕ್ ಬಿಚ್ಚಿದ್ದರೆ, ಕ್ಯಾಲಿಪರ್ ಬೋಲ್ಟ್ ಬಿಗಿ ಇದೆಯಾ ಅಂತ ಅವತ್ತೇ ನೋಡಿಸಿ.

'ಡಬ್ ಡಬ್ ಡಬ್' ಅಂತ ಬಂದು ಪೆಡಲ್ ಕಾಲಿನ ಕೆಳಗೆ ಏರಿಳಿದರೆ ಡಿಸ್ಕಿನ ದಪ್ಪ ಎಲ್ಲಾ ಕಡೆ ಒಂದೇ ಸಮ ಇಲ್ಲ ಅಂತ. ಸ್ಟೇರಿಂಗೂ ನಡುಗಿದರೆ ಮುಂದಿನದು, ಸೀಟು ಮಾತ್ರ ನಡುಗಿದರೆ ಹಿಂದಿನದು ಅಂತ ಊಹಿಸಬಹುದು. 'ಡಿಸ್ಕ್ ಬೆಂಡ್ ಆಗಿದೆ' ಅಂತ ಎಲ್ಲರೂ ಹೇಳುತ್ತಾರೆ. ನಿಜವಾಗಿ ಬಗ್ಗುವುದು ಕಮ್ಮಿ, ಒಂದೊಂದು ಕಡೆ ಒಂದೊಂದು ಥರ ಸವೆಯುವುದೇ ಜಾಸ್ತಿ. ಇದಕ್ಕೆ ಒಂದು ದೊಡ್ಡ ಕಾರಣ ಪಂಕ್ಚರ್ ಅಂಗಡಿಯ ಗಾಳಿ ಗನ್. ಒಂದು ನಟ್ಟು ಸಿಕ್ಕಾಪಟ್ಟೆ ಬಿಗಿ, ಇನ್ನೊಂದು ಸಡಿಲ ಆದರೆ ಡಿಸ್ಕ್ ನೇರವಾಗಿ ಕೂರುವುದಿಲ್ಲ. ನಟ್ಟುಗಳನ್ನು ಎದುರುಬದಿರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಎಷ್ಟು ಬಿಗಿ ಅನ್ನುವುದು ಗಾಡಿಯ ಪುಸ್ತಕದಲ್ಲಿದೆ, ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ 100 ನ್ಯೂಟನ್ ಮೀಟರ್ ಆಸುಪಾಸು. ಡಿಸ್ಕನ್ನು ಲೇತಿಗೆ ಹಾಕಿಸುವ ಮೊದಲು ಅದರ ಮೇಲೆಯೇ ಕೊರೆದಿರುವ ಕನಿಷ್ಠ ದಪ್ಪದ ಅಂಕಿ ನೋಡಿ. ಲೇತಿನ ನಂತರ ಅದಕ್ಕಿಂತ ತೆಳುವಾಗುವುದಾದರೆ ಹೊಸದೇ ಹಾಕಿಸಿ.

ಹಿಂದಿನ ಡ್ರಮ್

ಹೆಚ್ಚಿನ ಸಣ್ಣ ಕಾರುಗಳಿಗೆ ಹಿಂದೆ ಇನ್ನೂ ಡ್ರಮ್ ಬ್ರೇಕೇ, ಅಂದರೆ ಚಕ್ರದ ಜೊತೆ ತಿರುಗುವ ಡ್ರಮ್ಮಿನ ಒಳಮೈಗೆ ಲೈನರ್ ಅನ್ನುವ ಪಟ್ಟಿ ಒತ್ತಿ ನಿಲ್ಲಿಸುವ ಬ್ರೇಕ್. ಮಳೆಗಾಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು ವಾರಗಟ್ಟಲೆ ನಿಲ್ಲಿಸಿದರೆ ಲೈನರ್ ತುಕ್ಕಿನಿಂದ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ. ಹೊರಡುವಾಗ 'ಡಪ್' ಅಂತ ಬಿಡುತ್ತದೆ. ಬಿಡದಿದ್ದರೆ ಎಕ್ಸಿಲೇಟರ್ ಒತ್ತಿ ಎಳೆದಾಡಬೇಡಿ, ಲೈನರ್ ಕಿತ್ತು ಬರುತ್ತದೆ. ಊರಿಗೆ ಹೋಗುವಾಗ ಸಮತಟ್ಟಾದ ಜಾಗದಲ್ಲಿ ಗೇರಿನಲ್ಲಿಟ್ಟು, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು ಹೋದರೆ ಈ ತೊಂದರೆಯೇ ಇಲ್ಲ.

ಡ್ರಮ್ಮಿನಿಂದ ಕಿರುಗುಟ್ಟುವ ಸದ್ದಿಗೆ ಹೆಚ್ಚಾಗಿ ಒಳಗೆ ತುಂಬಿದ ಪುಡಿ ಕಾರಣ. ಬಿಚ್ಚಿ ಕ್ಲೀನ್ ಮಾಡಿಸಿ, ಆದರೆ ಕಂಪ್ರೆಸರ್ ಗಾಳಿಯಲ್ಲಿ ಊದಿಸಬೇಡಿ. ಹಳೆಯ ಲೈನರುಗಳಲ್ಲಿ ಕಲ್ನಾರು ಇರಬಹುದು, ಆ ಪುಡಿ ಶ್ವಾಸಕೋಶಕ್ಕೆ ಹೋದರೆ ವಾಸಿಯಾಗದ ಕಾಯಿಲೆ. ಗ್ಯಾರೇಜಿನಲ್ಲಿ ಕೆಲಸ ಮಾಡುವ ಹುಡುಗರು ದಿನಾ ಅದನ್ನೇ ಉಸಿರಾಡುತ್ತಾರೆ, ನನಗೆ ಅದನ್ನು ನೋಡಿದಾಗೆಲ್ಲ ಸಂಕಟವಾಗುತ್ತದೆ. ಬ್ರೇಕ್ ಕ್ಲೀನರ್ ಸ್ಪ್ರೇ ಹಾಕಿ ಒದ್ದೆ ಬಟ್ಟೆಯಲ್ಲಿ ಒರೆಸಲು ಹೇಳಿ. ಡ್ರಮ್ ಒಳಗೆ ಜಿಡ್ಡು ಕಂಡರೆ, ಬ್ರೇಕ್ ಆಯಿಲಿನ ಒತ್ತಡದಿಂದ ಲೈನರನ್ನು ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿರಬಹುದು. ಆಗ ಸದ್ದಿನ ಪ್ರಶ್ನೆಯಲ್ಲ, ಮೊದಲು ಸೋರಿಕೆ ನಿಲ್ಲಿಸಬೇಕು, ನೆನೆದ ಲೈನರನ್ನು ಬದಲಿಸಲೇಬೇಕು.

ಪೆಡಲ್ ಹತ್ತಿರವೇ 'ಸುಸ್ಸ್' ಅಂತ ಗಾಳಿ ಎಳೆದ ಸದ್ದು ನಿಲ್ಲದೆ ಬಂದು ಪೆಡಲ್ ಗಟ್ಟಿಯಾಗಿದ್ದರೆ, ಪೆಡಲ್ ಒತ್ತುವುದನ್ನು ಹಗುರ ಮಾಡುವ ಬೂಸ್ಟರ್ ಸೋರುತ್ತಿರಬಹುದು. ಎಂಜಿನ್ ಆಫ್ ಮಾಡಿ ಐದಾರು ಸಲ ಪೆಡಲ್ ಒತ್ತಿ, ಗಟ್ಟಿಯಾದ ಮೇಲೆ ಕಾಲು ಹಾಗೆಯೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಇಳಿಯದಿದ್ದರೆ ಗಾಡಿ ಹೊರಗೆ ತೆಗೆಯಬೇಡಿ.

ಬ್ರೇಕಿನದ್ದೇ ಅಲ್ಲದ ಸದ್ದೂ ಇದೆ ಅಲ್ವಾ? ವೇಗ ಏರಿದ ಹಾಗೆ ಏರುವ 'ಗೂಂ' ಸದ್ದು ಬೇರಿಂಗಿನದು. ಉದ್ದನೆಯ ತಿರುವಿನಲ್ಲಿ ಎಡಕ್ಕೆ ತಿರುಗಿದಾಗ ಜಾಸ್ತಿಯಾದರೆ ಬಲಗಡೆಯ ಬೇರಿಂಗ್ ಮೇಲೆ ಅನುಮಾನ, ಯಾಕೆಂದರೆ ಭಾರ ಆ ಕಡೆ ಬೀಳುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ಹೊರಟಾಗ 'ಟಕಟಕಟಕ' ಅಂದರೆ ಆಕ್ಸಲ್ ಜಾಯಿಂಟ್. ಇವೆರಡಕ್ಕೂ ಪ್ಯಾಡ್ ಬದಲಿಸಿ ದುಡ್ಡು ಕಳೆದುಕೊಂಡವರನ್ನು ನಾನು ನೋಡಿದ್ದೇನೆ.

ಚಕ್ರ ಬಿಚ್ಚಿ ನೋಡುವುದಾದರೆ

ಸಮತಟ್ಟಾದ ಗಟ್ಟಿ ನೆಲ, ಗೇರಿನಲ್ಲಿಟ್ಟ ಗಾಡಿ, ಎತ್ತುವ ಚಕ್ರದ ಎದುರು ಮೂಲೆಯ ಚಕ್ರಕ್ಕೆ ಕಲ್ಲು. ಜಾಕಿಯನ್ನು ನಂಬಿ ಗಾಡಿ ಕೆಳಗೆ ಕೈ ತಲೆ ಹಾಕಬೇಡಿ, ಸ್ಟ್ಯಾಂಡ್ ಕೊಡಿ. ಹೊಸ ಪ್ಯಾಡಿನಲ್ಲಿ ಸುಮಾರು 10 ಮಿ.ಮೀ. ಮಾಲು ಇರುತ್ತದೆ, ಉಕ್ಕಿನ ಪಟ್ಟಿ ಬಿಟ್ಟು ಅಳೆಯಬೇಕು. 3 ಮಿ.ಮೀ.ಗೆ ಬಂದರೆ ಬದಲಿಸಿ. ಒಂದು ಚಕ್ರದ್ದು ಸವೆದಿದ್ದರೂ ಎಡಬಲ ಎರಡಕ್ಕೂ ಒಟ್ಟಿಗೆ ಹಾಕಿ, ಇಲ್ಲದಿದ್ದರೆ ಗಾಡಿ ಎಳೆಯುತ್ತದೆ. ಒಳಗಿನದಕ್ಕೂ ಹೊರಗಿನದಕ್ಕೂ ತುಂಬಾ ವ್ಯತ್ಯಾಸ ಇದ್ದರೆ ಬರೀ ಪ್ಯಾಡ್ ಬದಲಿಸಿ ಕಳಿಸಲು ಬಿಡಬೇಡಿ. ಪಿನ್ ತೆಗೆಸಿ, ತುಕ್ಕು ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಾಕಿಸಿ. ಮಾಮೂಲಿ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿಯುತ್ತದೆ. ಪಿನ್ನಿನ ರಬ್ಬರ್ ಟೋಪಿ ಹರಿದಿದ್ದರೆ ಅದನ್ನೂ ಬದಲಿಸಿ, ನೀರು ಒಳಗೆ ಹೋಗುವುದು ಅಲ್ಲಿಂದಲೇ.

ಬ್ರೇಕ್ ಆಯಿಲ್ ಮಟ್ಟವನ್ನೂ ನೋಡಿ. ಪ್ಯಾಡ್ ಸವೆದ ಹಾಗೆ ಮಟ್ಟ ಇಳಿಯುತ್ತದೆ, ಹಾಗಾಗಿ ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಬಂದರೆ ಸುಮ್ನೆ ಆಯಿಲ್ ತುಂಬಿ ದೀಪ ಆರಿಸಬೇಡಿ. ಪ್ಯಾಡ್ ನೋಡಿ, ಸೋರಿಕೆ ನೋಡಿ. ಆಯಿಲ್ ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯುವುದಿಲ್ಲ, ತೇವ ಹೀರಿದ ಮೇಲೆ ಆ ಮಿತಿ 155ರ ಸುತ್ತ ಬಂದುಬಿಡುತ್ತದೆ. ಘಾಟಿಯಲ್ಲಿ ಪೆಡಲ್ ಮೆತ್ತಗಾಗುವುದಕ್ಕೆ ಇದೂ ಕಾರಣ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ಹೊಸ ಪ್ಯಾಡ್ ಹಾಕುವಾಗ ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತಾರೆ. ಹಾಗಾಗಿ ಮೊದಲ ಒಂದೆರಡು ಸಲ ಪೆಡಲ್ ನೆಲಕ್ಕೇ ಹೋಗುತ್ತದೆ. ಗಾಡಿ ನಿಂತಲ್ಲೇ ಪೆಡಲ್ ಗಟ್ಟಿಯಾಗುವ ತನಕ ಒತ್ತಿ, ಆಮೇಲೆಯೇ ಗೇರ್ ಹಾಕಿ. ಖಾಲಿ ರಸ್ತೆಯಲ್ಲಿ 50-60ರಿಂದ 10ಕ್ಕೆ ಮೆಲ್ಲಗೆ ಇಳಿಸುವುದನ್ನು ಹತ್ತು ಸಲ ಮಾಡಿ, ನಡುನಡುವೆ ತಣಿಯಲು ಬಿಡಿ. ಮೊದಲ ಇನ್ನೂರು ಮುನ್ನೂರು ಕಿಲೋಮೀಟರ್ ತುಸು ಕಿರುಗುಟ್ಟಿದರೆ ಚಿಂತೆ ಬೇಡ. ಅಷ್ಟಾದ ಮೇಲೂ ಸದ್ದು ಇದ್ದರೆ, ಕಿಟಕಿ ಇಳಿಸಿಕೊಂಡು ಮತ್ತೆ ಆ ಗೋಡೆ ಪಕ್ಕಕ್ಕೆ ಹೋಗಿ.